ರೊಟ್ಟಿಗೆ ಜಾತ್ರೆ ಉಂಟು, ಜೇನಿಗೆ ಏಕಿಲ್ಲ?

ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಅಂಗವಾಗಿ ವರ್ಷಕ್ಕೊಮ್ಮೆ ರೊಟ್ಟಿ ಜಾತ್ರೆ ನಡೆಯುತ್ತದೆ. ಊರಿನ ಮನೆಮನೆಗಳಲ್ಲಿ ತಟ್ಟಿದ ಜೋಳದ ರೊಟ್ಟಿಗಳು ಮಠಕ್ಕೆ ಬರುತ್ತವೆ. ಜೊತೆಗೆ ಕರಿಂಡಿ ಇರುತ್ತದೆ. ಎಲ್ಲ ಜಾತಿ ಮತಗಳ ಜನ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ದಿನನಿತ್ಯದ ಊಟದ ಪದಾರ್ಥವೊಂದನ್ನು ಮುಂದಿಟ್ಟುಕೊಂಡು ಇಂಥದೊಂದು ಜನಕೂಟವನ್ನು ಕಟ್ಟಬಹುದೆಂಬುದನ್ನು ಈ ಪುಟ್ಟ ಊರು ತೋರಿಸಿಕೊಟ್ಟಿದೆ. ಬೆಂಗಳೂರಿನವರಿಗೆ ಬಸವನಗುಡಿಯ ಕಡಲೆಕಾಯಿ ಪರಿಷೆ ಗೊತ್ತಿದೆ. ಡಂಬಳದ ಈ ಜಾತ್ರೆಯೂ ಅದಕ್ಕಿಂತ ಕಡಿಮೆ ಅರ್ಥಪೂರ್ಣವಾದದ್ದಲ್ಲ.

ಡಂಬಳದಿಂದ ತಲೆ ಎತ್ತಿ ನೋಡಿದರೆ ಕಾಣುವುದು ಕಪ್ಪತಗುಡ್ಡ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಿಗೆ ಹರಡಿಕೊಂಡಿರುವ, ಔಷಧ ಸಸ್ಯಗಳಿಗೆ ಹೆಸರಾದ ಬೆಟ್ಟಸಾಲು ಅದು. ಆ ಗುಡ್ಡದ ಜೇನು ಒಂದು ಕಾಲದಲ್ಲಿ ಸುತ್ತಲಿನ ಪೇಟೆಗಳ ಸಂತೆಗೆ ಇಳಿದು ಬರುತ್ತಿತ್ತು. ಇಂದು ಅದೇ ಪೇಟೆಗಳ ಅಂಗಡಿಗಳಲ್ಲಿ ದೊರೆಯುವುದು ಎಲ್ಲಿಂದಲೋ ಬಂದ ಬಾಟಲಿಯ ಜೇನು. ರೊಟ್ಟಿಗೆ ಒಂದು ದಿನ ಉಂಟಾದ ಸೀಮೆಯಲ್ಲಿ ಜೇನಿಗೆ ಏಕೆ ಒಂದು ದಿನವಿಲ್ಲ ಎಂಬ ಪ್ರಶ್ನೆ ನಿವೃತ್ತನಾದ ಮೇಲೆ ನನ್ನನ್ನು ಕಾಡತೊಡಗಿದೆ. ಕಾಡಲು ಸ್ವಂತ ಕಾರಣವೂ ಒಂದುಂಟು. ಅದನ್ನು ಮುಂದೆ ಹೇಳುತ್ತೇನೆ.

ಇಂಥ ದಿನಗಳು ಬೇರೆಡೆ ಇವೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾನ್ವಿ ಎಂಬ ಸಣ್ಣ ಕೋಟೆಪಟ್ಟಣದಲ್ಲಿ ಸೆಪ್ಟೆಂಬರ್ 13ರಂದು ಜೇನಿನ ಸಂತೆ ಸೇರುತ್ತದೆ. ಅದರ ಪರಂಪರೆಯನ್ನು ಸುಮಾರು 700 ವರ್ಷಗಳ ಹಿಂದಕ್ಕೆ, ದೊರೆ ಒಂದನೆಯ ಎಡ್ವರ್ಡನ ಸನ್ನದಿನವರೆಗೆ ಒಯ್ಯುತ್ತಾರೆ. ಸುತ್ತಲಿನ ಜೇನು ಸಾಕುವವರು ಕೋಟೆಯೊಳಗಿನ ಬೀದಿಯಲ್ಲಿ ಸುಂಕ ಕೊಡದೆ ಮಾರಬಹುದೆಂಬುದೇ ಆ ಪರಂಪರೆಯ ತಿರುಳು. ವೇದಿಕೆಯಿಲ್ಲ, ಮೆರವಣಿಗೆಯಿಲ್ಲ, ಬೀದಿಯಲ್ಲಿ ಮೇಜುಗಳನ್ನು ಹಾಕಿಕೊಂಡು ಬೆಳಿಗ್ಗೆ ಆರಂಭಿಸಿದರೆ ಕೆಲವೇ ತಾಸುಗಳಲ್ಲಿ ಮಾಲು ಮುಗಿದುಹೋಗುತ್ತದೆ. ಯುದ್ಧಗಳು ಬಂದುಹೋದವು, ರಾಜವಂಶಗಳು ಬದಲಾದವು. ಆ ಒಂದು ದಿನದ ಹಕ್ಕು ಮಾತ್ರ ಜನರ ನೆನಪಿನಲ್ಲಿ ಉಳಿಯಿತು. ಸುಂಕವಿಲ್ಲದ ಒಂದು ದಿನವೆಂಬುದು ಎಷ್ಟು ಸಣ್ಣ ವಿನಾಯಿತಿ, ಎಷ್ಟು ದೀರ್ಘ ಆಯುಸ್ಸು!

ಸಂತೆಯ ವಿಷಯದಲ್ಲಿ ನಮ್ಮ ಸೀಮೆ ಯಾರಿಗೂ ಕಡಿಮೆಯದಲ್ಲ. ಡಂಬಳದ 1095ರ ಶಾಸನ ಅಲ್ಲಿ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನು ಹೇಳುತ್ತದೆ. ಹದಿನಾರು ಜನ ಸೆಟ್ಟಿಗಳು ಕೂಡಿ ವಿಹಾರ ಕಟ್ಟಿಸುವಷ್ಟು ವ್ಯಾಪಾರ ಆ ಊರಿನಲ್ಲಿತ್ತೆಂದಾಯಿತು. ಹತ್ತಿರದ ಲಕ್ಕುಂಡಿ ಟಂಕಸಾಲೆಯಿದ್ದ ಪಟ್ಟಣ. ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರ, ಕನ್ನಡದ ತಿರುಳಿನ ನಾಡೆಂದು ಹೆಸರಾದದ್ದು ಎಲ್ಲರಿಗೂ ತಿಳಿದ ಸಂಗತಿ. ಅದು ಮುನ್ನೂರು ಹಳ್ಳಿಗಳ ನಾಡಿನ ಪೇಟೆಯೂ ಆಗಿತ್ತೆಂಬುದನ್ನು ನಮ್ಮ ಸಾಹಿತ್ಯಾಭಿಮಾನ ಮರೆಯುತ್ತದೆ. ಬ್ರಿಟಿಷರ ಕಾಲದಲ್ಲಿ ಈ ಪೇಟೆಗಳ ಸ್ಥಿತಿ ವಿಚಿತ್ರವಾಗಿತ್ತು. ಗದಗ ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಮೂರು ದೊರೆತನಗಳ ಗಡಿ ದಾಟಬಹುದಾಗಿತ್ತು. 1997ರಲ್ಲಿ ಗದಗ ಜಿಲ್ಲೆಯಾದಾಗ ಈ ನಾಲ್ಕೂ ಪೇಟೆಗಳು ಆ ಹೊಸ ಜಿಲ್ಲೆಗೆ ಸೇರಿದವು. ಗುಡ್ಡದ ಮಾಲು ಮಾತ್ರ ಮೊದಲಿನಿಂದಲೂ ಯಾವ ಗಡಿಯನ್ನೂ ಕೇಳದೆ ಹತ್ತಿರದ ಸಂತೆಗೆ ನಡೆದು ಬರುತ್ತಿತ್ತು.

ಇನ್ನು ನನ್ನ ಕಾರಣ. ಎಂಬತ್ತರ ದಶಕದ ಕೊನೆಯಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ, ಚುನಾಯಿತ ಮಂಡಳಿ ಇಲ್ಲದ ಒಂದು ಸಣ್ಣ ಪುರಸಭೆಯ ಆಡಳಿತಾಧಿಕಾರಿಯಾಗಿ ಕೆಲವು ತಿಂಗಳು ಕೆಲಸ ಮಾಡಿದೆ. ಸಂತೆ ಕರದ ವಸೂಲಿ ಹಕ್ಕನ್ನು ಹರಾಜು ಹಾಕುವ ಕಡತ ನನ್ನ ಮೇಜಿಗೆ ಬಂತು. ಹಳೆಯ ದರಪಟ್ಟಿಯಲ್ಲಿ ಬಂಡಿಗೊಂದು ದರ, ಬುಟ್ಟಿಗೊಂದು, ತಲೆಹೊರೆಗೊಂದು, ಕೈಯಲ್ಲಿ ಹಿಡಿದು ತಂದದ್ದಕ್ಕೆ ಕರವೇ ಇಲ್ಲ ಎಂಬ ವ್ಯತ್ಯಾಸಗಳಿದ್ದವು. ಅರ್ಥಶಾಸ್ತ್ರದ ಎಂ.ಎ. ಪದವಿ ಇನ್ನೂ ತಲೆಯಲ್ಲಿ ಬಿಸಿಯಾಗಿದ್ದ ಕಾಲ. ಇಷ್ಟು ದರಗಳಿದ್ದರೆ ಸೋರಿಕೆ ತಪ್ಪದು, ಆಸನಕ್ಕೊಂದು ಏಕರೂಪ ದರ ಸಾಕು ಎಂದು ಟಿಪ್ಪಣಿ ಬರೆದು ಸಹಿ ಹಾಕಿದೆ. ಹರಾಜಿನ ಮೊತ್ತ ಏರಿತು. ಮೇಲಿನವರು ಮೆಚ್ಚಿದರು.

ಆ ಸಂತೆಯ ಒಂದು ಮೂಲೆಯಲ್ಲಿ ಐದಾರು ಜನ, ಹೆಚ್ಚಿನವರು ಹೆಂಗಸರು, ತಗಡಿನ ಡಬ್ಬಿಗಳಲ್ಲಿ ಜೇನು, ಬಟ್ಟೆಯ ಗಂಟಿನಲ್ಲಿ ಮೇಣ ಇಟ್ಟುಕೊಂಡು ಕುಳಿತಿರುತ್ತಿದ್ದರು. ಮೇಣವನ್ನು ಅಕ್ಕಸಾಲಿಗರೂ ಚಪ್ಪಲಿ ಹೊಲಿಯುವವರೂ ಒಯ್ಯುತ್ತಿದ್ದರು. ಜೇನು ಬಾಣಂತಿಯರ ಮನೆಗೆ, ಮದ್ದು ಅರೆಯುವವರಿಗೆ, ದೇವರ ಪಂಚಾಮೃತಕ್ಕೆ ಹೋಗುತ್ತಿತ್ತು. ದಿನವಿಡೀ ಕುಳಿತರೆ ಎರಡು ಮೂರು ಸೇರು ಹೋದರೆ ಹೆಚ್ಚು. ಕಾಯಿಪಲ್ಲೆಯ ಬಂಡಿಯವನಿಗೆ ತೆತ್ತು ಮರೆಯುವಂಥ ಕರ ಅವರಿಗೆ ಒಂದು ಹೊತ್ತಿನ ಊಟವಾಗಿತ್ತು. ಮರುವರ್ಷ ತಪಾಸಣೆಗೆ ಹೋದಾಗ ಆ ಮೂಲೆಯಲ್ಲಿ ಪ್ಲಾಸ್ಟಿಕ್ ಕೊಡಗಳ ವ್ಯಾಪಾರ ನಡೆದಿತ್ತು. ಎಲ್ಲಿ ಹೋದರೆಂದು ಕೇಳಿದ್ದಕ್ಕೆ ವಸೂಲಿಗಾರ, ‘ಅವರು ಬರೂದಿಲ್ರಿ ಸಾಹೇಬ್ರ, ಪಟ್ಟಿ ಕೊಟ್ರ ಅವರಿಗೆ ಏನ್ ಉಳೀಬೇಕ್ರಿ?’ ಎಂದು ನನ್ನನ್ನೇ ಕೇಳಿದ.

ನನ್ನ ಒಂದು ಸಹಿಯಿಂದಲೇ ಈ ಸೀಮೆಯ ಜೇನು ವ್ಯಾಪಾರ ಮುಳುಗಿತೆಂದರೆ ಅದೂ ಒಂದು ಬಗೆಯ ಅಹಂಕಾರವೇ. ಬೇರೆ ಕಾರಣಗಳಿದ್ದವು. ಹೊಲದ ಬದುಗಳ ಮರಗಳು ಹೋದವು, ಔಷಧ ಸಿಂಪಡಣೆ ಹೆಚ್ಚಿತು, ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬೀಳುವುದು ನಿಲ್ಲಲಿಲ್ಲ. 1991ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಕಾಲಿಟ್ಟ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಕುಟುಂಬಗಳನ್ನು ಹೇಳಹೆಸರಿಲ್ಲದಂತೆ ಅಳಿಸಿತು. 1936ರಷ್ಟು ಹಿಂದೆಯೇ ವಿರಾಜಪೇಟೆಯಲ್ಲಿ ಜೇನು ಸಹಕಾರ ಸಂಘ ಕಟ್ಟಿದ್ದ ಕೊಡಗೇ ಆ ಹೊಡೆತಕ್ಕೆ ತತ್ತರಿಸಿತು. ಆದರೆ ಗುಡ್ಡದಲ್ಲಿ ಹೆಜ್ಜೇನು, ಕೋಲುಜೇನು ಆಗಲೂ ಇದ್ದವು. ತರುವವರು ಇದ್ದರು, ಕೊಳ್ಳುವವರೂ ಇದ್ದರು. ಇವರಿಬ್ಬರೂ ಕೂಡುವ ಜಾಗವನ್ನು ದುಬಾರಿ ಮಾಡಿದ್ದು ನಾವು.

ಜೇನಿನ ಸಂತೆ ಎಂದೊಡನೆ ಇದೊಂದು ಹಳೆಯದರ ಹಂಬಲ ಎಂದು ಓದುಗರು ತಿಳಿಯಬಾರದು. ಇದರಲ್ಲಿ ಗಟ್ಟಿಯಾದ ಲೆಕ್ಕಾಚಾರವಿದೆ. ನಾವು ಓದುವಾಗ ಜೇಮ್ಸ್ ಮೀಡ್ ಎಂಬ ಅರ್ಥಶಾಸ್ತ್ರಜ್ಞ 1952ರಲ್ಲಿ ಬರೆದ ಪ್ರಬಂಧವೊಂದನ್ನು ಪಾಠ ಹೇಳುತ್ತಿದ್ದರು. ಸೇಬಿನ ತೋಟದವನ ಹೂವಿನಿಂದ ಜೇನು ಸಾಕುವವನಿಗೆ ಲಾಭ, ಜೇನ್ನೊಣದ ಓಡಾಟದಿಂದ ತೋಟದವನಿಗೆ ಲಾಭ. ಆದರೆ ಇಬ್ಬರೂ ಒಬ್ಬರಿಗೊಬ್ಬರು ಬೆಲೆ ಕೊಡುವುದಿಲ್ಲ, ಆದ್ದರಿಂದ ಹೂವೂ ಜೇನೂ ಸಮಾಜಕ್ಕೆ ಬೇಕಾದಷ್ಟು ಉತ್ಪನ್ನವಾಗುವುದಿಲ್ಲ ಎಂಬುದು ಅವರ ವಾದ. ಇಪ್ಪತ್ತೊಂದು ವರ್ಷಗಳ ನಂತರ ಸ್ಟೀವನ್ ಚುಂಗ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೋಟಗಳಿಗೇ ಹೋಗಿ ನೋಡಿದರು. ಅಲ್ಲಿ ತೋಟದವರು ಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸುತ್ತಿದ್ದರು, ಒಪ್ಪಂದಗಳಿದ್ದವು, ದರಗಳಿದ್ದವು. ಪುಸ್ತಕದಲ್ಲಿ ಇಲ್ಲದ ಮಾರುಕಟ್ಟೆ ಬಯಲಿನಲ್ಲಿ ಇತ್ತು. ನಮ್ಮಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು: ಬಯಲಿನಲ್ಲಿ ಇದ್ದ ಮಾರುಕಟ್ಟೆಯನ್ನು ಕಡತದಲ್ಲಿ ಅಳಿಸಿದೆವು.

ಗದಗ ಸೀಮೆಗೆ ಈ ಚರ್ಚೆ ಹೇಗೆ ಅನ್ವಯಿಸುತ್ತದೆಂದು ನೋಡೋಣ. ಸೂರ್ಯಕಾಂತಿಯ ಹೂವಿಗೆ ನೊಣ ಬಾರದಿದ್ದರೆ ತೆನೆಯ ನಡುಭಾಗ ಜೊಳ್ಳಾಗುತ್ತದೆ. ಹೆಕ್ಟೇರಿಗೆ ಸುಮಾರು 5 ಪೆಟ್ಟಿಗೆ ಇಡಿರೆಂದು ಕೃಷಿ ತಜ್ಞರು ಹೇಳುತ್ತಾರೆ. ಪೆಟ್ಟಿಗೆ ಇಲ್ಲದ ರೈತರಿಗೆ ಹೂ ಬಿಟ್ಟ ಕಾಲದಲ್ಲಿ ಮುಂಜಾನೆ ಹೊತ್ತು ಮೆತ್ತನೆಯ ಬಟ್ಟೆಯಿಂದ ಒಂದೊಂದು ಹೂವನ್ನೂ ಸವರಿರೆಂದು ಸಲಹೆ ಕೊಡುತ್ತಿದ್ದುದನ್ನು ನಾನೇ ಕೇಳಿದ್ದೇನೆ. ನೊಣ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಆಳಿಗೆ ಕೂಲಿ! ಈಗ ಸೂರ್ಯಕಾಂತಿಯ ಕ್ಷೇತ್ರವೇ ಬಹಳ ಕುಗ್ಗಿದೆ. ಅಗ್ಗದ ಆಮದು ಎಣ್ಣೆ, ನೆಕ್ರೋಸಿಸ್ ರೋಗ ಎರಡೂ ಸೇರಿ ಅದನ್ನು ಹಿಂದಕ್ಕೆ ತಳ್ಳಿದವು. ಆದರೆ ಈರುಳ್ಳಿ ಇದೆ. ಈರುಳ್ಳಿ ಬೀಜದ ಬೆಳೆಯಲ್ಲಿ ಹೂವಿನ ಪರಾಗ ಉದುರಿದ ಮೇಲೆ ಅದೇ ಹೂವಿನ ಶಲಾಕಾಗ್ರ ಸಿದ್ಧವಾಗುತ್ತದೆ; ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ಯಲು ಕೀಟವೇ ಬೇಕು. ಗುರೆಳ್ಳಿನದೂ ಹೆಚ್ಚು ಕಡಿಮೆ ಇದೇ ಕಥೆ. ದಕ್ಷಿಣದವರು ಹುಚ್ಚೆಳ್ಳು ಎನ್ನುವ ಈ ಬೆಳೆ ತನ್ನದೇ ಪರಾಗವನ್ನು ಒಪ್ಪದು. ಜೋಳದ ರೊಟ್ಟಿಯ ಪಕ್ಕದಲ್ಲಿ ನಾವು ಹಚ್ಚಿಕೊಳ್ಳುವ ಗುರೆಳ್ಳು ಚಟ್ನಿಯ ಹಿಂದೆ ಜೇನ್ನೊಣದ ದುಡಿಮೆ ಇದೆಯೆಂದು ಉಣ್ಣುವವರಲ್ಲಿ ಎಷ್ಟು ಜನರಿಗೆ ಗೊತ್ತು?

ನಮ್ಮ ಹಿರಿಯರ ಬೇಸಾಯ ಪದ್ಧತಿಯೂ ನೊಣಕ್ಕೆ ಒಗ್ಗುವಂತಿತ್ತು. ಹಿಂಗಾರಿಯ ಜೋಳ, ಕಡಲೆಯ ನಡುವೆ ಅಕ್ಕಡಿಯಾಗಿ ಕುಸುಬಿಯ ಸಾಲು, ಅಲ್ಲಲ್ಲಿ ಕೊತ್ತಂಬರಿ, ಅಗಸಿ. ಬದುವಿನಲ್ಲಿ ಬೇವು, ಜಾಲಿ, ಹುಣಸೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಈ ಎರೆನೆಲದಲ್ಲೂ ಒಂದಲ್ಲ ಒಂದು ಹೂ ಇರುತ್ತಿತ್ತು. ಒಂದೇ ಬೆಳೆ ಹರಡಿಕೊಂಡಾಗ ಹದಿನೈದು ದಿನ ಹೂವಿನ ಸುಗ್ಗಿ, ಉಳಿದ ಕಾಲ ಉಪವಾಸ. ಸಿಂಗಟಾಲೂರು ಏತ ನೀರಾವರಿಯ ನೀರು ಮುಂಡರಗಿ ಸೀಮೆಗೆ ಬಂದುದನ್ನು ನಾನು ಸ್ವಾಗತಿಸುವವನೇ. ನೀರಿನ ಹಿಂದೆ ಯಾವ ಬೆಳೆ ಬರುತ್ತದೆಂಬುದರ ಮೇಲೆ ಕಣ್ಣಿರಲಿ ಎಂದಷ್ಟೇ ಹೇಳುತ್ತೇನೆ.

ಕಪ್ಪತಗುಡ್ಡವನ್ನು ಉಳಿಸಿಕೊಂಡ ಕಥೆ ಈ ಸೀಮೆಯ ಹೆಮ್ಮೆಯದು. 2015ರ ಕೊನೆಯಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. 2016ರ ನವೆಂಬರಿನಲ್ಲಿ ತಾನೇ ಆ ಆದೇಶವನ್ನು ಹಿಂತೆಗೆದುಕೊಂಡಿತು. ಗುಡ್ಡದೊಳಗಿನ ಚಿನ್ನ, ಕಬ್ಬಿಣಗಳ ಮೇಲೆ ಯಾರ ಕಣ್ಣಿತ್ತೆಂದು ಜನರಿಗೆ ಹೇಳಬೇಕಾಗಿರಲಿಲ್ಲ. 2017ರ ಆರಂಭದಲ್ಲಿ ಗದಗಿನಲ್ಲಿ ನಡೆದ ಹೋರಾಟದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂಚೂಣಿಯಲ್ಲಿದ್ದರು. 2011ರಲ್ಲಿ ಹಳ್ಳಿಗುಡಿಯ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಸ್ವಾಧೀನ ಹೊರಟಾಗಲೂ ರೈತರ ಬೆನ್ನಿಗೆ ನಿಂತವರು ಅವರೇ. 2017ರ ಏಪ್ರಿಲಿನಲ್ಲಿ ಮೀಸಲು ಪ್ರದೇಶದ ಸ್ಥಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಸ್ವಾಮೀಜಿ ಅದನ್ನು ನೋಡಲು ಇರಲಿಲ್ಲ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

ಗುಡ್ಡ ಉಳಿಯಿತು, ಸರಿ. ಆದರೆ ಧಾಮವೆಂದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯವಾಗುತ್ತದೆ. ಅನುಮತಿಯಿಲ್ಲದೆ ಅರಣ್ಯ ಉತ್ಪನ್ನವನ್ನು ಹೊರತರುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯೋ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಜೇನು, ಮೇಣಗಳನ್ನು ಹೆಸರಿಸಿಯೇ ಸೇರಿಸಿದೆ. ಹಕ್ಕು ಸಾಬೀತುಪಡಿಸುವ ದಾರಿ ಮಾತ್ರ ದೀರ್ಘ, ಬಡವನಿಗೆ ಇನ್ನೂ ದೀರ್ಘ. ಗಣಿ ಕಂಪನಿಯನ್ನು ತಡೆಯಲು ಹಾಕಿದ ಬೇಲಿ ಜೇನು ಹುಟ್ಟು ಹುಡುಕುವವನನ್ನೂ ಹೊರಗೆ ನಿಲ್ಲಿಸಬಹುದೆಂಬುದನ್ನು ಹೋರಾಟದ ಉತ್ಸಾಹದಲ್ಲಿ ನಾವ್ಯಾರೂ ಹೆಚ್ಚು ಯೋಚಿಸಲಿಲ್ಲ. ಹಾಗೆಂದು ಗುಡ್ಡಕ್ಕೆ ಎಲ್ಲರನ್ನೂ ನುಗ್ಗಿಸಿರೆಂದು ನಾನು ಹೇಳಲಾರೆ. ಹೆಜ್ಜೇನು ಇಳಿಸುವ ಕೊಳ್ಳಿಯಿಂದ ಹಾರುವ ಒಂದು ಕಿಡಿ ಒಣಹುಲ್ಲಿಗೆ ಸಾಕು. ನನ್ನ ಅಭಿಪ್ರಾಯದಲ್ಲಿ ದಾರಿ ಇರುವುದು ಗುಡ್ಡದ ಬುಡದ ಹಳ್ಳಿಗಳಲ್ಲಿ: ಹಳೆಯ ಜೇನುಗಾರರಿಗೇ ಮೊದಲು ಪೆಟ್ಟಿಗೆ, ತರಬೇತಿ, ಗುಡ್ಡದೊಳಗೆ ಹೋಗುವವರಿಗೆ ಅರಣ್ಯ ಇಲಾಖೆಯ ಗುರುತು ಚೀಟಿ, ತತ್ತಿಯಿರುವ ಭಾಗವನ್ನು ಬಿಟ್ಟು ತುಪ್ಪದ ಭಾಗವನ್ನಷ್ಟೇ ಕೊಯ್ಯುವ ಕ್ರಮ. ತರಬೇತಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಸಾಲಕ್ಕೂ ಸಂಘಕ್ಕೂ ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1905ರಲ್ಲಿ ಸಿದ್ದನಗೌಡ ಪಾಟೀಲರು ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಕಣಗಿನಹಾಳ ಗದಗ ತಾಲ್ಲೂಕಿನಲ್ಲೇ ಇದೆ. ಸ್ಮಾರಕಕ್ಕೆ ಹಾರ ಹಾಕುವುದರ ಜೊತೆಗೆ ಅದರಿಂದ ಕೆಲಸವನ್ನೂ ಕಲಿಯಬಹುದು.

ಸಂತೆಯೇ ಏಕೆ, ಅಂಗಡಿ ಸಾಲದೇ ಎಂದು ಕೇಳುವವರುಂಟು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷೆಗೆ ಕಳಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು ಕೇವಲ 3. ಸಕ್ಕರೆಯ ಪಾಕವನ್ನು ಸಾಮಾನ್ಯ ಪರೀಕ್ಷೆಗೆ ಸಿಗದಂತೆ ಹದಗೊಳಿಸಿ ಬೆರೆಸಲಾಗುತ್ತಿದೆ ಎಂಬುದು ಕೇಂದ್ರದ ಆರೋಪ. ಕಂಪನಿಗಳು ಅದನ್ನು ಅಲ್ಲಗಳೆದವು. ಯಾರು ಸರಿಯೆಂಬುದನ್ನು ಕೊಳ್ಳುವವನು ಬಾಟಲಿ ನೋಡಿ ತೀರ್ಮಾನಿಸಲಾರ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಮುಂದಿಟ್ಟುಕೊಂಡು ವಿವರಿಸಿದ್ದು ಇದನ್ನೇ: ಮಾಲಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದಾಗ ಒಳ್ಳೆಯ ಮಾಲಿಗೂ ಕೆಟ್ಟದ್ದರ ಬೆಲೆಯೇ ಬಂದು, ಕೊನೆಗೆ ಒಳ್ಳೆಯದು ಪೇಟೆಯಿಂದಲೇ ಹೊರಟುಹೋಗುತ್ತದೆ. ಬತ್ತಿಗೆ ಹಚ್ಚಿ ಉರಿಸುವುದು, ನೀರಿಗೆ ಬಿಟ್ಟು ನೋಡುವುದು ಮುಂತಾದ ಮನೆಪರೀಕ್ಷೆಗಳು ಈ ಕಾಲದ ಕಲಬೆರಕೆಯ ಮುಂದೆ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿಯೂ ಇದನ್ನು ಹೇಳಿ ನಂಬಿಸಲು ನಾನು ಸೋತಿದ್ದೇನೆ.

ಸಂತೆಯಲ್ಲಿ ಇನ್ನೊಂದು ಬಗೆಯ ಖಾತರಿ ಇದೆ. ಮಾರುವವಳ ಊರು ಗೊತ್ತು, ಮುಖ ಗೊತ್ತು, ಬರುವ ವರ್ಷವೂ ಅವಳು ಅಲ್ಲೇ ಕೂರಬೇಕು. ಇದರ ಜೊತೆಗೆ ತೇವಾಂಶ ಅಳೆಯುವ ಒಂದು ರಿಫ್ರ್ಯಾಕ್ಟೋಮೀಟರ್ ಇಟ್ಟರೆ ಸಾಕಷ್ಟಾಯಿತು. ಶೇ 20ಕ್ಕಿಂತ ಹೆಚ್ಚು ತೇವವಿರುವ ಜೇನು ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಮಾರಾಟಕ್ಕೆ ಸಲ್ಲದು, ಬೇಗ ಹುಳಿಯಲೂಬಹುದು. ಯಾವ ಹಳ್ಳಿ, ಯಾವ ಹೂವಿನ ಕಾಲ, ಕಾಡಿನದೋ ಪೆಟ್ಟಿಗೆಯದೋ ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದಿರಲಿ. ಹಿಂಗಾರಿಯ ಕುಸುಬಿ, ಕೊತ್ತಂಬರಿ ಹೂವಿನ ಜೇನಿಗೂ ಬೇಸಿಗೆಯ ಬೇವಿನ ಹೂವಿನ ಜೇನಿಗೂ ರುಚಿಯಲ್ಲಿ ಇರುವ ಅಂತರವನ್ನು ಜನ ತಾವೇ ಕಂಡುಕೊಳ್ಳಲಿ.

ಇದನ್ನು ಸರ್ಕಾರಿ ಉತ್ಸವ ಮಾಡುವುದು ಮಾತ್ರ ಬೇಡ ಎಂದು ಕೈಮುಗಿದು ಕೇಳುತ್ತೇನೆ. ಉತ್ಸವಗಳನ್ನು ನಡೆಸಿದವನು ನಾನು. ಶಾಮಿಯಾನ, ಧ್ವನಿವರ್ಧಕ, ಗಣ್ಯರ ಆಸನ ವ್ಯವಸ್ಥೆ, ಆಮಂತ್ರಣ ಪತ್ರಿಕೆಯಲ್ಲಿ ಹೆಸರುಗಳ ಹಿಂದುಮುಂದು, ಇಷ್ಟರಲ್ಲೇ ಅನುದಾನವೂ ಅಧಿಕಾರಿಗಳ ನಿದ್ರೆಯೂ ಮುಗಿಯುತ್ತವೆ. ಅನುದಾನ ನಿಂತ ವರ್ಷ ಉತ್ಸವವೂ ನಿಲ್ಲುತ್ತದೆ. ವಿಶ್ವಸಂಸ್ಥೆ ಮೇ 20ನ್ನು ವಿಶ್ವ ಜೇನು ದಿನವೆಂದು ಗೊತ್ತುಮಾಡಿದೆ, 2018ರಿಂದ ಭಾಷಣಗಳೂ ಆಗುತ್ತಿವೆ. ಆ ಹೊತ್ತಿಗೆ ನಮ್ಮ ಕಡೆ ಬೇಸಿಗೆಯ ಧಗೆ. ರೊಟ್ಟಿ ಜಾತ್ರೆ ಬಾಳಿದ್ದು ಮನೆಮನೆಯ ಒಲೆಯಿಂದ. ಅದರ ಮರುದಿನವೋ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸಂತೆಯ ದಿನಗಳಲ್ಲಿ ಒಂದನ್ನು ಆರಿಸಿಕೊಂಡೋ, ಜೇನಿನವರು ಬಂದು ಕೂರಲು ನೆರಳಿರುವ ಒಂದು ಸಾಲು ಬಿಟ್ಟುಕೊಟ್ಟರೆ ಸಾಕು. ಮೊದಲ ವರ್ಷ ಹತ್ತು ಜನ ಬರಬಹುದು. ಬರಗಾಲದ ವರ್ಷ ಇಬ್ಬರೇ ಬರಬಹುದು. ಜೇನಿನಿಂದಲೇ ಯಾರೂ ಶ್ರೀಮಂತರಾಗಲಾರರು. ಒಂದು ತುಡುವೆ ಪೆಟ್ಟಿಗೆ ವರ್ಷಕ್ಕೆ ಕೊಡುವುದು ಕೆಲವೇ ಕಿಲೋ. ಆದರೆ ಹೊಲದಲ್ಲಿ ಪೆಟ್ಟಿಗೆ ಇಡುವವನೂ ಈರುಳ್ಳಿ ಬೀಜ ಬೆಳೆಯುವವನೂ ಎದುರುಬದುರಾಗಿ ಮಾತನಾಡಿ ದರ ಗೊತ್ತುಮಾಡಿಕೊಳ್ಳಲು, ಹೂವಿನ ಕಾಲದಲ್ಲಿ ಔಷಧ ಹೊಡೆಯಬೇಡವೆಂದು ಕೇಳಿಕೊಳ್ಳಲು ಇಂದು ಅವರಿಗೆ ಒಂದು ಜಾಗವೇ ಇಲ್ಲ.

ಹಣಕಾಸು ವರ್ಷ ತೊಡಗುವ ಮುನ್ನ ಪುರಸಭೆಗಳು ಸಂತೆ ಕರದ ಹರಾಜಿನ ಷರತ್ತುಗಳನ್ನು ಸಿದ್ಧಪಡಿಸುತ್ತವೆ. ‘ತಾವೇ ಸಂಗ್ರಹಿಸಿದ ಅಥವಾ ಸಾಕಿದ ಜೇನು, ಮೇಣಗಳನ್ನು ಮಾರುವವರಿಂದ ಯಾವುದೇ ಕರ ವಸೂಲು ಮಾಡತಕ್ಕದ್ದಲ್ಲ’ ಎಂಬ ಒಂದು ಸಾಲನ್ನು ಬರೆದು, ಈಗಲೂ ಸೇವೆಯಲ್ಲಿರುವ ಕಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ‘ಇದರಿಂದ ಹರಾಜಿನ ಮೊತ್ತದಲ್ಲಿ ನೂರು ರೂಪಾಯಿಯೂ ಕಡಿಮೆಯಾಗುವುದಿಲ್ಲ ಸರ್. ಆದರೆ ದರಪಟ್ಟಿಯಲ್ಲಿದ್ದ ಇಂಥ ವಿನಾಯಿತಿಗಳನ್ನೆಲ್ಲ ಹಿಂದೆ ಯಾರೋ ಅಧಿಕಾರಿ ತೆಗೆದುಹಾಕಿದ್ದಾರಂತೆ, ಮತ್ತೆ ಸೇರಿಸಲು ಮೇಲಿನ ಅನುಮೋದನೆ ಬೇಕು’ ಎಂದರು.